ವೈನಿಯ ಹೆಸರಿನಲ್ಲಿಟ್ಟ ನನ್ನ ರಕ್ತ

ಆ ಗಾಜಿನ ನಳಿಗೆಯಲ್ಲಿದ್ದ ರಕ್ತ ನನ್ನದು. ನನ್ನ ವೈನಿಯದಲ್ಲ.

ಮಾತು ಇಷ್ಟೇ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಮಾಡಿದ ಕೆಲಸ; ಮೊನ್ನೆಯವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಇಳಕಲ್ಲಿನಲ್ಲಿ ರಕ್ತ ತಪಾಸಣೆ ಮಾಡುವ ಸಣ್ಣ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದೆ. ನನ್ನ ಅಣ್ಣನ ಹೆಂಡತಿ ನೀಲಾ — ನಮ್ಮ ಕಡೆ ಅಣ್ಣನ ಹೆಂಡತಿಗೆ ವೈನಿ ಅನ್ನುತ್ತೇವೆ — ಎದೆಯ ಕ್ಯಾನ್ಸರಿಗೆ ಆಪರೇಶನ್ ಮಾಡಿಸಿಕೊಂಡು ಬಂದಿದ್ದಳು. ರೋಗ ತಿರುಗಿ ಬಂದಿದೆಯೋ ಏನೋ ಅಂತ ಅವಳ ರಕ್ತ ತೆಗೆದೆ. ಆ ರಕ್ತ ಒಳ್ಳೆಯದನ್ನು ಹೇಳಲಿಲ್ಲ. ಅದನ್ನು ಬಚ್ಚಲಿಗೆ ಚೆಲ್ಲಿದೆ. ನನ್ನ ತೋಳಿಗೇ ಸೂಜಿ ಚುಚ್ಚಿಕೊಂಡು, ನನ್ನ ರಕ್ತವನ್ನು ಅವಳ ಹೆಸರಿನಲ್ಲಿ ಇಟ್ಟೆ.

ಯಾಕೆ? ನನ್ನ ಲಗ್ನ ಮುರಿಯಬಾರದು ಅಂತ.

ಇಲ್ಲಿ ನಾನು ಬರೆಯುವುದನ್ನು ಓದುವವರಿಗೆ ನನ್ನ ನಾಲಿಗೆ ಗೊತ್ತು. ಬಾದಾಮಿಯ ಮಂಗ ಬೀಗರ ಬುತ್ತಿ ಕಸಿದದ್ದು, ಕೆರೂರ ಸಂತೆಯಲ್ಲಿ ನಮ್ಮ ದೊಡ್ಡವ್ವ ಒಂದೇ ಕುಂಬಳಕಾಯಿಗೆ ಇಬ್ಬರ ಜೊತೆ ಜಗಳ ತೆಗೆದದ್ದು — ಎಲ್ಲರ ಮನೆಯ ಮಾತನ್ನೂ ಬರೆದಿದ್ದೇನೆ, ನೀವೂ ನಕ್ಕಿದ್ದೀರಿ. ನನ್ನ ಮನೆಯ ಈ ಒಂದು ಮಾತನ್ನು ಮಾತ್ರ ಬರೆಯಲಿಲ್ಲ. ಇವತ್ತು ಕೆಳಗೆ ಕಮೆಂಟಿನಲ್ಲಿ ‘ಅಕ್ಕಾ, ಆಗ ನೀವು ಸಣ್ಣವರು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಅಂತ ಬರೆಯಲು ಬೆರಳು ಎತ್ತಿದವರಿದ್ದರೆ, ದಯವಿಟ್ಟು ಇಳಿಸಿ. ಕೈಮುಗಿಯುವ ಚಿತ್ರ ಕೂಡ ಬೇಡ. ನನಗೆ ಸಿಟ್ಟು ಬಂದಿದೆ — ಆ ಕಾಲದ ಮಂದಿಯ ಮೇಲೆ, ನಮ್ಮ ಮನೆಯ ಮೇಲೆ, ಎಲ್ಲಕ್ಕಿಂತ ಹೆಚ್ಚು ಆ ಹತ್ತೊಂಬತ್ತು ವರ್ಷದ ಹುಡುಗಿಯ ಮೇಲೆ. ಅದು ಆರುವುದು ನನಗೆ ಬೇಕಾಗಿಲ್ಲ.

ಮೊದಲಿನಿಂದ ಹೇಳುತ್ತೇನೆ.

ವೈನಿಯ ಎದೆಯಲ್ಲಿ ಗಂಟು ಕಂಡದ್ದು ಮಗಳು ಮಂಜುಳಾ ಇನ್ನೂ ಶಾಲೆಗೆ ಸೇರದಿದ್ದಾಗ. ನಾವು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮಂದಿ. ವೈನಿಯ ತವರಿನವರು ಲಗ್ನದಲ್ಲಿ ಲಿಂಗಕ್ಕೆ ಬೆಳ್ಳಿಯ ಕರಡಿಗೆ ಮಾಡಿಸಿ ಕೊಟ್ಟಿದ್ದರು, ದಪ್ಪ, ಭಾರದ್ದು. ಅದು ಯಾವಾಗಲೂ ಎಡ ಎದೆಯ ಮೇಲೆ ಬಂದು ಕೂಡುತ್ತಿತ್ತು. ಗಂಟು ಎದ್ದದ್ದು ಸರಿಯಾಗಿ ಅಲ್ಲೇ.

“ಕರಡಿಗಿ ಒತ್ತಿ ಒತ್ತಿ ಗಂಟ ಆಗೇತಿ,” ಅಂದಳು ನಮ್ಮವ್ವ. “ದಾರಾ ಉದ್ದ ಮಾಡ್ಕೊ. ಕೆಳಗ ಇಳೀತಂದ್ರ ತಾನ ಕರಗತೈತಿ.”

ವೈನಿ ದಾರ ಉದ್ದ ಮಾಡಿಕೊಂಡಳು. ಕರಡಿಗೆ ಹೊಟ್ಟೆಗೆ ಇಳಿಯಿತು, ಗಂಟು ಅಲ್ಲೇ ಉಳಿಯಿತು. ಆಮೇಲೆ ಕರಡಿಗೆ ತೆಗೆದು ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡಳು. ಸುಗ್ಗಿ ಹೋಗಿ ಮುಂಗಾರು ಬಂತು. ಇಡೀ ಮನೆ — ನಾನೂ ಸೇರಿ — ಒಂದು ಬೆಳ್ಳಿ ಡಬ್ಬಿಯ ಮೇಲೆ ತಪ್ಪು ಹೊರಿಸಿ ಆರಾಮಾಗಿದ್ದೆವು. ಎದೆ ತೆರೆದು ಗಂಡಸು ಡಾಕ್ಟರಿಗೆ ತೋರಿಸುವುದಕ್ಕಿಂತ ದಾರದ ಅಳತೆ ಬದಲಿಸುವುದು ಸುಲಭ ನೋಡಿ.

ಕೊನೆಗೆ ಹುಬ್ಬಳ್ಳಿಗೆ ಹೋದಾಗ ಇಡೀ ಎಡ ಎದೆಯನ್ನೇ ತೆಗೆಯಬೇಕಾಯಿತು. ಅಣ್ಣ ಇಳಕಲ್ಲಿನ ಕೆಂಪು ಕಲ್ಲಿನ ಖಣಿಯಲ್ಲಿ ಮೇಸ್ತ್ರಿ; ಆಳುಗಳ ಮೇಲೆ ದನಿ ಎತ್ತುವ ಮನುಷ್ಯ, ಆ ದವಾಖಾನೆಯಲ್ಲಿ ಮಾತ್ರ ಟೊಪ್ಪಿಗೆ ಕೈಯಲ್ಲಿ ಹಿಡಿದು ಮೂಲೆಯಲ್ಲಿ ನಿಂತಿದ್ದ. ಹೊರಡುವ ದಿನ ಅಲ್ಲಿಯ ಡಾಕ್ಟರು ಅವನನ್ನೂ ನನ್ನನ್ನೂ ಕೂರಿಸಿ ಹೇಳಿದರು. ಅವರು ಬೆಂಗಳೂರು ಕಡೆಯವರು, ಮಾತು ಪುಸ್ತಕದ ಹಾಗೆ.

“ಆಗಾಗ ಇ.ಎಸ್.ಆರ್. ಅಂತ ರಕ್ತ ಪರೀಕ್ಷೆ ಮಾಡಿಸ್ತಾ ಇರಿ. ಅದೊಂದರಿಂದಲೇ ಕ್ಯಾನ್ಸರ್ ಬಂತು ಅಂತ ಹೇಳೋಕಾಗಲ್ಲ, ನೆಗಡಿ ಜ್ವರಕ್ಕೂ ಏರುತ್ತೆ. ಆದರೆ ಈಕೆಗೆ ಏರಿದರೆ ನೀವು ಕಾರಣ ಹುಡುಕ್ತಾ ಕೂರಬೇಡಿ. ಮನೆಯಲ್ಲಿ ಏನೇ ಇರಲಿ, ಬಿಟ್ಟು ಕರ್ಕೊಂಡು ಬನ್ನಿ.”

ಮನೆಯಲ್ಲಿ ಏನೇ ಇರಲಿ. ಆ ಮಾತು ನನ್ನ ಕಿವಿಗೂ ಬಿದ್ದಿತ್ತು. ಕೇಳಿಸಲಿಲ್ಲ, ತಿಳಿಯಲಿಲ್ಲ ಅನ್ನುವ ದಾರಿ ನನಗಿಲ್ಲ.

ಇ.ಎಸ್.ಆರ್. ಅಂದರೆ ದೊಡ್ಡ ವಿದ್ಯೆಯೇನಲ್ಲ. ಹೊಸ ನೀರು ಬಂದಾಗ ಹೊಳೆಯ ನೀರನ್ನು ಕೊಡದಲ್ಲಿ ಇಟ್ಟರೆ ಕೆಸರು ತಳಕ್ಕೆ ಕೂಡುತ್ತದೆ, ಮೇಲೆ ತಿಳಿ ನಿಲ್ಲುತ್ತದೆ ಅಲ್ಲವೇ — ಹಾಗೆ. ರಕ್ತ ಹೆಪ್ಪುಗಟ್ಟದಂತೆ ಔಷಧ ಬೆರೆಸಿ, ಉದ್ದನೆಯ ಸಪೂರ ನಳಿಗೆಯಲ್ಲಿ ನೆಟ್ಟಗೆ ನಿಲ್ಲಿಸಬೇಕು. ಒಂದು ತಾಸಿಗೆ ಕೆಂಪು ಎಷ್ಟು ಕೆಳಗಿಳಿಯಿತು ಅಂತ ನೋಡಬೇಕು. ಮೈಯೊಳಗೆ ಎಲ್ಲೋ ಉರಿಯುತ್ತಿದ್ದರೆ ಕೆಂಪು ಬೇಗ ಬೇಗ ಇಳಿಯುತ್ತದೆ. ಹೆಣ್ಣುಮಕ್ಕಳಿಗೆ ಇಪ್ಪತ್ತರ ಒಳಗಿದ್ದರೆ ಚಿಂತೆಯಿಲ್ಲ ಅನ್ನುತ್ತಿದ್ದರು. ಆಗ ನಳಿಗೆಯ ತುದಿಗೆ ಬಾಯಿ ಹಚ್ಚಿ, ರಕ್ತವನ್ನು ಗೀಟಿನವರೆಗೆ ಉಸಿರಿನಿಂದ ಎಳೆಯುತ್ತಿದ್ದೆವು. ಈಗಿನ ಹುಡುಗಿಯರಿಗೆ ಹೇಳಿದರೆ ಮುಖ ಸಿಂಡರಿಸುತ್ತಾರೆ. ವೈನಿಯ ರಕ್ತವನ್ನೂ ಹಾಗೆಯೇ ಎಳೆಯುತ್ತಿದ್ದೆ. ಮೊದಮೊದಲು ಅದು ಒಳ್ಳೆಯದನ್ನೇ ಹೇಳುತ್ತಿತ್ತು.

ಲ್ಯಾಬಿನ ಮಾಲೀಕರನ್ನು ಊರೆಲ್ಲ ಕಾಕಾ ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ರಕ್ತ ತೆಗೆಯುವುದು, ನಳಿಗೆ ನಿಲ್ಲಿಸುವುದು ನನ್ನ ಕೆಲಸ. ಅಂಕಿ ಓದುವುದು ಮಾತ್ರ ಅವರೇ. ಬೇರೆಯವರ ಕಣ್ಣನ್ನು ನಂಬುತ್ತಿರಲಿಲ್ಲ. ನಳಿಗೆಯ ಮುಂದೆ ಬಗ್ಗಿ, ಚಷ್ಮಾ ಮೂಗಿನ ತುದಿಗೆ ಇಳಿಸಿ, ಒಂದು ಕಣ್ಣು ಮುಚ್ಚಿ ಓದುತ್ತಿದ್ದರು. ನಳಿಗೆಗೆ ಹೆಸರಿನ ಚೀಟಿ ಅಂಟಿಸುವ ರೂಢಿ ಇರಲಿಲ್ಲ. ಕಟ್ಟಿಗೆಯ ಸ್ಟ್ಯಾಂಡಿನಲ್ಲಿ ಯಾರದು ಎಲ್ಲಿ ನಿಂತಿದೆ ಅನ್ನುವುದೇ ಹೆಸರು. ನಾನು ಹೇಳಹೊರಟ ಆ ದಿನ ಹೊಸಿಲ ಕಡೆಯ ತೂತು ವೈನಿಯದು.

ಇನ್ನು ನನ್ನ ಲಗ್ನದ ಮಾತು. ಕೆರೂರಿನ ಮನೆತನ. ಅದಕ್ಕೂ ಮೊದಲು ಬಂದವರು ಬಣ್ಣ ಕಪ್ಪು ಅಂತ ಚಹಾ ಕುಡಿದು ಎದ್ದು ಹೋಗಿದ್ದರು. ಈ ಹುಡುಗ ಎದ್ದು ಹೋಗಲಿಲ್ಲ. ಹೋಗುವಾಗ ಚಪ್ಪಲಿ ಅದಲು ಬದಲು ಹಾಕಿಕೊಂಡು, ತಾನೇ ನಕ್ಕು, ತಿರುಗಿ ಬಂದ. ಆ ನಗು ನನಗೆ ಹಿಡಿಸಿತು. ಮನೆಯವರ ಒತ್ತಾಯಕ್ಕೆ ಹೀಗೆ ಮಾಡಿದೆ ಅಂದರೆ ನಿಮಗೂ ಕೇಳಲು ಹಗುರ, ನನಗೂ ಹೇಳಲು ಹಗುರ. ಆದರೆ ಖರೆ ಅದಲ್ಲ. ನನಗೇ ಅವನು ಬೇಕಾಗಿದ್ದ.

ಎಳ್ಳಮಾಸಿ ಹಬ್ಬ ಮುಗಿದ ಮೇಲೆ ಮಾತುಕತೆಗೆ ಅವನ ತಾಯಿ ಬಂದಳು. ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು, ಎಲೆಯಡಿಕೆ ಬಾಯಿಗಿಟ್ಟುಕೊಂಡು ಶುರು ಮಾಡಿದಳು.

“ನಿಮ್ಮ ಸೊಸಿದು ಆ ಬ್ಯಾನಿ ಪೂರ್ತಿ ಹೋಗೇತೇನ್ರಿ?”

“ಹೋಗೇತ್ರಿ ಬೀಗ್ತಿ. ಬೇರು ಸಮೇತ ತಗದಾರ,” ಅಂದಳು ನಮ್ಮವ್ವ.

“ಬಾಯಿಮಾತ ಬ್ಯಾಡ್ರಿ. ಒಂದ ಮನ್ಯಾಗ ಉಂಡು ಬೆಳದ ಹುಡುಗಿ ಇಕಿ. ಹತ್ಗೊಂಡಿರತೈತೋ ಏನೋ, ಯಾರ ಬಲ್ಲರು. ರಕ್ತಾ ಬರೋಬರಿ ಐತಿ ಅಂತ ತಪಾಸ ಮಾಡ್ಸ್ರಿ. ಆಮ್ಯಾಲ ಎಲಿ ಅಡಿಕಿ ಹಿಡಿಯೋಣು.”

ಕ್ಯಾನ್ಸರ್ ಅಂಟುವ ರೋಗವಲ್ಲ ಅಂತ ಅಲ್ಲಿ ಒಬ್ಬರಾದರೂ ಹೇಳಬೇಕಿತ್ತು. ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾರೆ. ನನ್ನನ್ನು ಕೊಳ್ಳಲು ವೈನಿಯ ರಕ್ತ ನೋಡಲು ಬಂದಿದ್ದರು. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಸೆರಗನ್ನು ಎಡಗಡೆ ದಪ್ಪಗೆ ಮಡಚಿ ಹೊದ್ದುಕೊಳ್ಳುವುದು ಆಪರೇಶನ್ ಆದಾಗಿನಿಂದ ಅವಳ ರೂಢಿ. ಆ ಮಡಿಕೆಯನ್ನು ಒಮ್ಮೆ ಸರಿಮಾಡಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ತಾನಾಗಿಯೇ ಲ್ಯಾಬಿಗೆ ಬಂದಳು. ಕಾಕಾ ಪೂಜೆ ಮುಗಿಸಿ ಬರುವುದು ಇನ್ನೂ ತಡವಿತ್ತು. ಸ್ಟೂಲಿನ ಮೇಲೆ ಕೂತು ತೋಳು ಚಾಚಿದಳು. ಆ ತೋಳು ಸೊರಗಿತ್ತು — ನೋಡಿದೆ, ನೋಡಿಯೂ ನೋಡದ ಹಾಗೆ ಪಟ್ಟಿ ಕಟ್ಟಿದೆ.

“ವೈನಿ, ಅಕಿ ಮಾತ ಮನಸಿಗೆ ಹಚ್ಕೊಬ್ಯಾಡ್ರಿ,” ಅಂದೆ.

“ಹಚ್ಕೊಂಡು ಏನ ಮಾಡ್ಲಿ? ಬೇಕಾದಷ್ಟ ತಗೊ, ಶಾಂತಾ,” ಅಂದಳು. “ಮಂದಿ ಲಗ್ನಕ್ಕ ಸೀರಿ ಕುಬಸಾ ಆಯೇರಿ ಮಾಡ್ತಾರ. ನಾ ನಿನಗ ಮಾಡೂ ಆಯೇರಿ ಇದ ಅಂತ ತಿಳ್ಕೊ.”

ನಕ್ಕಳು. ನಾನೂ ನಕ್ಕೆ. ಹೋಗುವಾಗ ಬಾಗಿಲ ಚೌಕಟ್ಟು ಹಿಡಿದು ನಿಂತು, “ಟೊಂಕ ಭಾಳ ಹಿಡದೈತಿ ನೋಡ, ಬೀಸುಕಲ್ಲ ತಿರುವಿದಂಗ ಆಗೇತಿ,” ಅಂದಳು. ಮನೆಗೆ ಹೋದಳು.

ನಳಿಗೆ ನಿಲ್ಲಿಸಿ ಬೇರೆ ಕೆಲಸಕ್ಕೆ ತಿರುಗಿದೆ. ಅರ್ಧ ತಾಸೂ ಆಗಿರಲಿಲ್ಲ, ಹೊರಳಿ ನೋಡಿದರೆ — ಕೆಂಪು ಕುಸಿಯುತ್ತಿತ್ತು. ಇಳಿಯುವುದಲ್ಲ, ಕುಸಿಯುವುದು. ಮೇಲೆ ಹಳದಿ ತಿಳಿ ಉದ್ದಕ್ಕೆ ನಿಂತಿತ್ತು, ಬೇಸಿಗೆಯ ಬಾವಿಯಲ್ಲಿ ನೀರು ಕೆಳಗೆ ಹೋದ ಮೇಲೆ ಬರೀ ಗೋಡೆ ಕಾಣುವ ಹಾಗೆ. ತಾಸು ತುಂಬಿದರೆ ಅದು ನೂರು ದಾಟುತ್ತದೆ ಅಂತ ತಿಳಿಯಲು ಲೆಕ್ಕ ಹಾಕಬೇಕಿರಲಿಲ್ಲ.

ಆಗ ನನ್ನ ತಲೆಯಲ್ಲಿ ಏನು ನಡೆಯಿತು? ಮೊದಲು ಬಂದದ್ದು ವೈನಿಯ ಮುಖವಲ್ಲ. ಚಪ್ಪಲಿ ಅದಲು ಬದಲು ಹಾಕಿಕೊಂಡು ನಕ್ಕ ಆ ಹುಡುಗನ ಮುಖ. ಆಮೇಲೆ ಬಂದದ್ದು, ‘ಲಗ್ನ ಆಗಲಿ, ಆದ ಕೂಡಲೇ ಇನ್ನೊಮ್ಮೆ ತಪಾಸಣೆ ಮಾಡೋಣ, ನಾಲ್ಕು ತಿಂಗಳಲ್ಲಿ ಏನಾಗುತ್ತದೆ’ ಅನ್ನುವ ಮಾತು. ನೋಡಿ, ಎಷ್ಟು ಚಂದ ಲೆಕ್ಕ. ನನ್ನ ನಾಲ್ಕು ತಿಂಗಳಲ್ಲ ಅದು. ಅವಳದು.

ನಳಿಗೆ ಎತ್ತಿ ಬಚ್ಚಲಿಗೆ ಚೆಲ್ಲಿದೆ. ಎರಡು ಚೊಂಬು ನೀರು ಸುರಿದೆ. ಎಡತೋಳಿಗೆ ರಬ್ಬರ್ ಪಟ್ಟಿ ಸುತ್ತಿ, ಒಂದು ತುದಿ ಹಲ್ಲಲ್ಲಿ ಹಿಡಿದು ಬಿಗಿದು, ಬಲಗೈಯಿಂದ ಚುಚ್ಚಿಕೊಂಡೆ. ಒಂದೇ ಸಲಕ್ಕೆ ರಕ್ತ ಸಿಕ್ಕಿತು. ಬಾಯಿ ಹಚ್ಚಿ ಗೀಟಿನವರೆಗೆ ಎಳೆದು, ಹೊಸಿಲ ಕಡೆಯ ತೂತಿನಲ್ಲಿ ನಿಲ್ಲಿಸಿದೆ. ಅಷ್ಟರಲ್ಲಿ ಕಾಕಾ ವಿಭೂತಿ ಹಚ್ಚಿಕೊಂಡು ಬಂದರು.

“ನಿಮ್ಮ ವೈನಿದು ಯಾವಾಗ ಇಟ್ಟಿ?”

“ಈಗ ಇಟ್ಟೇನ್ರಿ ಕಾಕಾ. ನರ ಲಗೂನ ಸಿಗಲಿಲ್ಲ.”

ತಾಸಿನ ನಂತರ ಬಗ್ಗಿ, ಚಷ್ಮಾ ಇಳಿಸಿ, ಒಂದು ಕಣ್ಣು ಮುಚ್ಚಿ ಓದಿದರು. “ಹನ್ನೆರಡು,” ಅಂದರು. ಮತ್ತೊಮ್ಮೆ ಓದಿದರು. “ಹನ್ನೆರಡ ಐತಿ ನೋಡವ್ವಾ. ಗೆದ್ಲು ನಿಮ್ಮ ವೈನಿ.” ಅವರ ಕಣ್ಣು ತುಂಬಿತ್ತು. ಸುಳ್ಳಿಗೆ ಕಣ್ಣೀರು ತರಿಸಿದ್ದೆ ನಾನು, ಅದೂ ಒಳ್ಳೆಯ ಮನುಷ್ಯನಿಗೆ.

ಹನ್ನೆರಡು ಮನೆಗೆ ಬಂತು. ನಮ್ಮವ್ವ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಕೆರೂರಿಗೆ ಸುದ್ದಿ ಹೋಯಿತು, ಎಲೆ ಅಡಿಕೆ ಹಿಡಿದಾಯಿತು. ಯುಗಾದಿ ಮುಗಿದ ಮೇಲೆ ಲಗ್ನ ಅಂತ ಗೊತ್ತಾಯಿತು.

ಆಮೇಲೆ ನಡೆದದ್ದು ನಾನು ನಳಿಗೆ ಚೆಲ್ಲಿದ್ದಕ್ಕಿಂತ ಕೆಟ್ಟದ್ದು. ಆ ಹನ್ನೆರಡು ಅನ್ನುವುದು ಮನೆಯಲ್ಲಿ ಒಬ್ಬ ಹಿರಿಯನ ಹಾಗೆ ಕೂತುಬಿಟ್ಟಿತು, ವೈನಿ ಏನು ಹೇಳಿದರೂ ಅದು ಅವಳ ಬಾಯಿ ಮುಚ್ಚಿಸುತ್ತಿತ್ತು. ಟೊಂಕ ನೋಯುತ್ತದೆ ಅಂದರೆ, “ರಕ್ತ ಚೊಲೊ ಐತಿ ಅಂದಮ್ಯಾಲ ನಿಂದೇನ ಹೊಸಾ ಬ್ಯಾನಿ?” ತೊಡೆಯ ಎಲುಬು ಸಿಡಿಯುತ್ತದೆ ಅಂದರೆ, “ಲಗ್ನದ ಮನ್ಯಾಗ ಕೆಲಸಾ ಐತಲ್ಲ, ಅದಕ್ಕ ನಾಟಕಾ.” ಹೀಗೆ ಅಂದವಳು ನಮ್ಮವ್ವ. ಅಣ್ಣ ಟೊಪ್ಪಿಗೆ ಹಾಕಿಕೊಂಡು ಖಣಿಗೆ ಹೊರಟುಬಿಡುತ್ತಿದ್ದ. ಮಂಜುಳಾ ಅಂಗಳದಲ್ಲಿ ಆಡುತ್ತ ಇದನ್ನೆಲ್ಲ ಕೇಳುತ್ತಿದ್ದಳು. ಸಿಟ್ಟು ಬರುವುದಿಲ್ಲವೇ? ನನಗೆ ಬರುತ್ತದೆ. ಆದರೆ ಅವರ ಕೈಗೆ ಆ ಕೋಲು ಕೊಟ್ಟವಳು ಯಾರು?

ವೈನಿ ಹಪ್ಪಳ ಒತ್ತಿದಳು, ಶ್ಯಾವಿಗೆ ಹೊಸೆದಳು, ಸಿಹಿ ಮಾದಲಿಗೆ ಗೋಧಿ ಬೀಸಿದಳು. ಒಂದು ಮಧ್ಯಾಹ್ನ ಬೀಸುಕಲ್ಲಿನ ಮುಂದೆ ಕೂತವಳು ಏಳಲಾರದೆ ಗೋಡೆ ಹಿಡಿದು ನಿಂತಳು. ಹತ್ತಿರ ಹೋದೆ. ನನ್ನನ್ನು ನೋಡಿ ಮೆಲ್ಲಗೆ ಹೇಳಿದಳು — ಇಷ್ಟು ವರ್ಷ ನನ್ನ ಬೆನ್ನು ಹತ್ತಿದ ಮಾತು ಅದು —

“ರಕ್ತ ಸುಳ್ಳ ಹೇಳಂಗಿಲ್ಲಲ್ಲ, ಶಾಂತಾ. ಹಂಗಂದ್ರ ನಾನ ಸುಳ್ಳ ಇರಬೇಕು. ಬ್ಯಾನಿ ಇಲ್ದಿದ್ರೂ ಬ್ಯಾನಿ ಅಂತೇನಿ ಕಾಣಸ್ತೈತಿ.”

ಆಗ ಹೇಳಬಹುದಿತ್ತು. ಲಗ್ನಕ್ಕೆ ಇನ್ನೂ ಸಮಯವಿತ್ತು, ಹುಬ್ಬಳ್ಳಿಗೆ ಬಸ್ಸಿತ್ತು, ನನಗೆ ಬಾಯಿಯೂ ಇತ್ತು. ನಾನು ಏನು ಮಾಡಿದೆ ಗೊತ್ತೇ? ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು ಅವಳ ಟೊಂಕ ತಿಕ್ಕಿದೆ. “ಭಾಳ ಪುಣ್ಯೇವಂತಿ ನೀ,” ಅಂದಳು. ಆ ಎಣ್ಣೆಯ ವಾಸನೆ ಈಗಲೂ ನನಗೆ ಆಗುವುದಿಲ್ಲ.

ಇಳಕಲ್ಲಿನಲ್ಲಿ ಲಗ್ನವಾಯಿತು. ಮದುಮಗಳನ್ನು ಗಂಡನ ಮನೆ ತುಂಬಿಸಲು ತವರಿನಿಂದ ಒಬ್ಬ ಮುತ್ತೈದೆ ಜೊತೆಗೆ ಹೋಗಬೇಕು. ವೈನಿಯೇ ಹೊರಟಳು. ಬೇಡ ಅನ್ನಲು ಯಾರ ಬಳಿಯೂ ಕಾರಣವಿರಲಿಲ್ಲ, ಹನ್ನೆರಡು ಇತ್ತಲ್ಲ. ಬಾಡಿಗೆ ಟೆಂಪೋದಲ್ಲಿ ಹುನಗುಂದ, ಅಮೀನಗಡ ದಾಟಿ ಗುಳೇದಗುಡ್ಡದ ದಾರಿ ಹಿಡಿದೆವು. ಹೆಂಗಸರು ಹಾಡು ಹೇಳುತ್ತಿದ್ದರು. ತಗ್ಗು ಬಂದಾಗಲೆಲ್ಲ ವೈನಿ ಸೆರಗಿನ ತುದಿ ಬಾಯಲ್ಲಿ ಕಚ್ಚುತ್ತಿದ್ದಳು. ನಾನು ಮದುವೆಯ ಹೂವಿನ ದಂಡೆ ಕಟ್ಟಿಕೊಂಡು ಅವಳ ಎದುರಿಗೇ ಕೂತಿದ್ದೆ.

ಕೆರೂರಿನಲ್ಲಿ ಮನೆಯ ಮುಂದೆ ಟೆಂಪೋ ನಿಂತಿತು. ನನಗೆ ಕೈಕೊಟ್ಟು ಇಳಿಸಬೇಕು ಅಂತ ವೈನಿ ಮೊದಲು ಕಾಲು ಕೆಳಗಿಟ್ಟಳು. ಬೀಳಲಿಲ್ಲ, ಜಾರಲಿಲ್ಲ, ಯಾರೂ ತಳ್ಳಲಿಲ್ಲ. ನೆಲಕ್ಕೆ ಕಾಲಿಟ್ಟಳು, ಅಷ್ಟೇ. ಒಣ ಜಾಲಿಯ ಟೊಂಗೆ ಮುರಿದಂಥ ಸದ್ದು ಬಂತು. ತೊಡೆಯ ಎಲುಬು ನಿಂತ ನಿಲುವಿನಲ್ಲಿ ಮುರಿದಿತ್ತು. ಮದುಮಗಳು ಒದ್ದು ಒಳಗೆ ಬರಲೆಂದು ಅಕ್ಕಿ ತುಂಬಿದ ಸೇರು ಇಟ್ಟಿದ್ದ ಹೊಸಿಲ ಮುಂದೆ ಅವಳು ಕುಸಿದಳು.

ನನ್ನ ಅತ್ತೆ ಆರತಿ ತಟ್ಟೆ ಹಿಡಿದುಕೊಂಡೇ ಕೇಳಿದಳು: “ರಕ್ತ ಚೊಲೊ ಐತಿ ಅಂದಿದ್ರಲ್ಲ?”

ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವಳು ಒಬ್ಬಳೇ. ಅವಳ ಕೊರಳಲ್ಲಿ ಹೊಸ ತಾಳಿ ಇತ್ತು.

ಅದೇ ಟೆಂಪೋದಲ್ಲಿ ಬಾಗಲಕೋಟೆಗೆ ಒಯ್ದರು; ಅಣ್ಣನೂ ನಾನೂ ಜೊತೆಗೆ ಹೋದೆವು. ಅಲ್ಲಿಯ ಡಾಕ್ಟರು ಎಕ್ಸ್-ರೇ ಬೆಳಕಿಗೆ ಹಿಡಿದು ತೋರಿಸಿದರು: ಎಲುಬಿನ ತುಂಬ ಹುಳ ತಿಂದಂಥ ತೂತು. ರೋಗ ಎದೆಯಿಂದ ಎಲುಬಿಗೆ ಇಳಿದು ಎಷ್ಟೋ ದಿನವಾಗಿತ್ತು.

“ರಕ್ತದ ತಪಾಸಣಿ ಮಾಡ್ಸಿರಲಿಲ್ಲೇನು?”

“ಮಾಡ್ಸಿದ್ವಿರಿ. ಹನ್ನೆರಡ ಇತ್ರಿ,” ಅಂದ ಅಣ್ಣ.

“ಇಷ್ಟ ಹರಡಿದಾಗ ಹನ್ನೆರಡು? ನನಗ ನಂಬಿಕಿ ಬರವಲ್ದು. ಲ್ಯಾಬಿನವ್ರು ಏನೋ ತಪ್ಪ ಮಾಡ್ಯಾರ.” ಮತ್ತೆ ರಕ್ತ ತೆಗೆದರು. ನೂರು ದಾಟಿತ್ತು. “ಆವಾಗ್ಲೇ ಬಂದಿದ್ರ ಎಲುಬಿಗೆ ಕರೆಂಟ್, ಅಂದ್ರ ರೇಡಿಯೇಶನ್, ಕೊಡಸಬಹುದಿತ್ತು, ಗುಳಿಗಿ ಶುರು ಮಾಡಬಹುದಿತ್ತು. ಆಯುಷ್ಯದ ಮಾತ ನಾ ಹೇಳಾಂಗಿಲ್ಲ. ಕಾಲ ಮುರೀದಂಗ ನೋಡ್ಕೊಬಹುದಿತ್ತು, ಇಷ್ಟ ನೋವ ತಿನ್ನೂದ ತಪ್ಪತಿತ್ತು.”

ಬಾಗಿಲಲ್ಲಿ ನಿಂತು ಕೇಳಿದೆ. ಕೈಯ ಮೆಹಂದಿ ಇನ್ನೂ ಕೆಂಪಗಿತ್ತು. ಆಗಲೂ ಬಾಯಿ ಬಿಡಲಿಲ್ಲ.

ಅಣ್ಣ ಇಳಕಲ್ಲಿಗೆ ಹೋಗಿ, ಬಜಾರದ ನಡುವೆ, ಕಾಕಾನ ಅಂಗಿ ಹಿಡಿದು ಎಳೆದಾಡಿದ. ಕಾಕಾ ಹೇಳಿದ್ದು ಒಂದೇ ಮಾತಂತೆ: “ನಾ ಕಣ್ಣಾರೆ ನೋಡೇನಿ, ತಮ್ಮಾ. ಹನ್ನೆರಡ ಇತ್ತು.” ಖರೇನೇ ಹೇಳಿದ್ದರು. ಊರು ನಂಬಲಿಲ್ಲ. ‘ಕಣ್ಣಿಲ್ಲದ ಲ್ಯಾಬ್’ ಅಂತ ಹೆಸರು ಬಿತ್ತು, ಮಂದಿ ಬರುವುದು ಬಿಟ್ಟರು, ಬಾಗಿಲು ಮುಚ್ಚಿತು. ಕೊನೆಗೆ ಅವರೇ ತಮ್ಮ ಕಣ್ಣನ್ನು ಅನುಮಾನಿಸಿ, ಚಷ್ಮಾ ಬದಲಿಸಿದರು ಅಂತ ಕೇಳಿದೆ. ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ಅದನ್ನು ತಿಳಿಯದೆಯೇ ಸತ್ತರು. ಎರಡು ಜೀವಗಳಿಗೆ ತಮ್ಮ ಮೈಯ ಮೇಲೆ ತಮಗೇ ಇದ್ದ ನಂಬಿಕೆಯನ್ನು ಕಸಿದುಕೊಂಡೆ ನಾನು, ಒಂದೇ ನಳಿಗೆಯಿಂದ.

ವೈನಿ ಮಳೆಗಾಲ ಮುಗಿಯುವ ಮೊದಲೇ ಹೋದಳು. ಹಾಸಿಗೆಯ ಮೇಲೆ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ನೋಡಲು ಹೋದಾಗಲೆಲ್ಲ ಕೇಳುತ್ತಿದ್ದುದು ನನ್ನ ಗಂಡನ ಮನೆಯ ಸುದ್ದಿ.

ಸುಳ್ಳು ಮಾತ್ರ ಸಾಯಲಿಲ್ಲ. ನಮ್ಮ ಬಳಗದಲ್ಲಿ ಯಾರಿಗೆ ರೋಗ ಬಂದರೂ, ಡಾಕ್ಟರು ರಕ್ತ ಕೊಡಿ ಅಂದರೂ, ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: “ಏನ ತಪಾಸ ಬಿಡ್ರಿ. ನಮ್ಮ ನೀಲವ್ವಂದು ಹನ್ನೆರಡ ಇತ್ತು.” ನಾನು ತಲೆ ಆಡಿಸುತ್ತಿದ್ದೆ.

ಈಗ ಮಂಜುಳಾ. ಆ ಅಂಗಳದ ಕೂಸು. ಬಾಗಲಕೋಟೆಯ ನವನಗರದಲ್ಲಿರುತ್ತಾಳೆ. ಹೋದ ವರ್ಷ ಅವಳ ಎದೆಯಲ್ಲೂ ಗಂಟು ಕಂಡಿತು. ತಾಯಿಯ ಹಾಗೆ ದಾರ ಉದ್ದ ಮಾಡಿಕೊಳ್ಳದೆ ಬೇಗ ಹೋದಳು, ಆಪರೇಶನ್ ಆಯಿತು, ಔಷಧ ಆಯಿತು, ಕೂದಲೂ ತಿರುಗಿ ಬಂತು. ಮೊನ್ನೆ ತೋರಿಸಲು ಹೋದಾಗ ರಕ್ತದಲ್ಲಿ ಉರಿಯೂತದ ಗುರುತು ಏರಿದೆ ಅಂದರಂತೆ. ಈಗಿನ ತಪಾಸಣೆಗೆ ಬೇರೆ ಹೆಸರಿದೆ. ಮಾತು ಮಾತ್ರ ಹುಬ್ಬಳ್ಳಿಯ ಡಾಕ್ಟರು ಅಂದದ್ದೇ: ಇದೊಂದರಿಂದ ಏನೂ ಹೇಳಲಾಗದು, ಏನೂ ಇಲ್ಲದಿರಬಹುದು, ಆದರೆ ಸ್ಕ್ಯಾನ್ ಮಾಡಿ ನೋಡೋಣ.

ಅವಳು ಒಲ್ಲೆ ಅಂದಳು. ಬಳಗದವರೆಲ್ಲ ಕೂತಿದ್ದಾಗ ನಗುತ್ತ ಹೇಳಿದಳು:

“ನಮ್ಮವ್ವಂದು ಹನ್ನೆರಡ ಇತ್ತು, ಸತ್ತಳು. ನಂದ ಏರೇತಂತ. ಲೆಕ್ಕಾ ಹಾಕಿದ್ರ ನಾ ನೂರ ವರ್ಷ ಬದಕಬೇಕ ನೋಡ, ಅತ್ತಿ. ಸ್ಕ್ಯಾನ್ ಯಾಕ ಬೇಕು? ಸಾಕಾಗೇತಿ ನನಗ.”

ಎಲ್ಲರೂ ನಕ್ಕರು. ಅಭ್ಯಾಸಬಲ, ನಾನೂ ನಕ್ಕೆ. ತಾಯಿಯನ್ನು ಹುಬ್ಬಳ್ಳಿಯ ಬಸ್ಸು ಹತ್ತದಂತೆ ತಡೆದ ರಕ್ತ, ಈಗ ಮಗಳ ದಾರಿಗೂ ಅಡ್ಡ ನಿಂತಿತ್ತು.

ಎಲ್ಲರೂ ಹೋದ ಮೇಲೆ ಉಳಿದೆ. ಅವಳು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. 

“ಆ ಹನ್ನೆರಡು ನಂದು, ಮಂಜು. ನಿಮ್ಮವ್ವಂದಲ್ಲ,” ಅಂದೆ. ಉಳಿದದ್ದನ್ನೂ ಹೇಳಿದೆ. ಬಚ್ಚಲು, ಹಲ್ಲಲ್ಲಿ ಹಿಡಿದ ರಬ್ಬರು, ಟೊಂಕ ತಿಕ್ಕಿದ ಎಣ್ಣೆ. ಅವಳ ಕೈ ಎಲೆ ಬಿಡಿಸುತ್ತಲೇ ಇತ್ತು. ಆಮೇಲೆ ನಿಂತಿತು.

“ಅವ್ವಗ ಗೊತ್ತಿತ್ತೇನು?”

“ಇಲ್ಲ.”

“ಕಡೀತನಕ?”

“ಕಡೀತನಕ.”

ಕೈಯಲ್ಲಿದ್ದ ಎಲೆಗಳನ್ನು ಬುಟ್ಟಿಗೆ ಹಾಕಿದಳು. “ನಮ್ಮಜ್ಜಿ ಸಾಯೂತನಕ ಅಂತಿದ್ಲು, ನಿಮ್ಮವ್ವ ಭಾಳ ನಾಟಕದಾಕಿ ಅಂತ. ನಾನೂ ಹಂಗ ತಿಳಕೊಂಡಿದ್ದೆ, ಅತ್ತಿ. ಸಣ್ಣಾಕಿದ್ದಾಗ ಒಮ್ಮಿ ಅಕಿ ನರಳೂವಾಗ, ‘ನಾಟಕಾ ಸಾಕವ್ವಾ’ ಅಂದಿದ್ದೆ.”

ಇದು ನನಗೆ ಗೊತ್ತಿರಲಿಲ್ಲ. ನಾನು ಮಾಡಿದ್ದರ ಅಳತೆ ನನಗೆ ಗೊತ್ತಿದೆ ಅಂತ ಇಷ್ಟು ವರ್ಷ ತಿಳಿದಿದ್ದೆ. ಗೊತ್ತಿರಲಿಲ್ಲ.

ಕ್ಷಮಿಸು ಅಂತ ನಾನು ಕೇಳಲಿಲ್ಲ, ಅವಳು ಕೊಡಲೂ ಇಲ್ಲ. ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟು ಹೇಳಿದಳು: “ಎಲ್ಲಾರ ಕಥಿ ಬರೀತಿಯಲ್ಲ, ಇದನ್ನ ಬರಿ. ಅವ್ವನ ಹೆಸರ ಹಾಕಿ ಬರಿ. ಅಕಿ ನಾಟಕಾ ಮಾಡ್ಲಿಲ್ಲ ಅಂತ ಬಳಗೆಲ್ಲಾ ಓದ್ಲಿ. ಆ ಲ್ಯಾಬಿನ ಕಾಕಾನ ಮನಿಗೂ ಹೋಗಿ ಹೇಳು.”

ಕಾಕಾನ ಮಗ ಹುನಗುಂದದಲ್ಲಿದ್ದಾನೆ. ಹೋಗಿ ಹೇಳಿದೆ. ಅವನು ಒಳಗೆ ಬಾ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಓದಿದವರಲ್ಲಿ ಕೆಲವರು ಹೇಳುತ್ತೀರಿ, ಗೊತ್ತು: ಅದು ಬರೀ ಒಂದು ಗುರುತು, ಆ ಕಾಲದಲ್ಲಿ ಎಲುಬಿಗೆ ಇಳಿದ ಮೇಲೆ ಹೇಗೂ ಉಳಿಯುತ್ತಿರಲಿಲ್ಲ. ಇರಬಹುದು. ವೈನಿಯ ಆಯುಷ್ಯ ನಾನು ಕಡಿಮೆ ಮಾಡಿದೆನೋ ಇಲ್ಲವೋ, ಯಾವ ಡಾಕ್ಟರೂ ಹೇಳಲಾರ. ಆದರೆ ನೋವು ಖರೆ ಇತ್ತು, ಅದನ್ನು ಅವಳ ಬಾಯಿಂದಲೇ ಸುಳ್ಳು ಅನ್ನಿಸಿದೆ. ಅದಕ್ಕೆ ಆ ಕಾಲದ ವೈದ್ಯವಿದ್ಯೆಯನ್ನು ನೆಪ ಮಾಡಲಾಗದು.

ಮಂಜುಳಾ ಇವತ್ತು ಸ್ಕ್ಯಾನಿಗೆ ಬಂದಿದ್ದಾಳೆ. ಅದಕ್ಕೂ ಮೊದಲು ಮತ್ತೊಮ್ಮೆ ರಕ್ತ ಕೊಡಬೇಕಂತೆ. ಜೊತೆಗೆ ಬರಲೇನು ಅಂತ ಕೇಳಿದ್ದೆ. “ಬಾ,” ಅಂದಿದ್ದಳು. ಇಲ್ಲಿ ಬಂದ ಮೇಲೆ, ರಕ್ತ ತೆಗೆಯುವ ಕೋಣೆಯ ಬಾಗಿಲಲ್ಲಿ, ಹೊರಳಿ ನನ್ನ ಎದೆಯ ಮುಂದೆ ಅಂಗೈ ಹಿಡಿದಳು.

“ನೀ ಇಲ್ಲೇ ಕೂಡ, ಅತ್ತಿ. ನನ್ನ ರಕ್ತಾ ತೆಗಿಯೂವಾಗ ಒಳಗ ಬರಬ್ಯಾಡ.”

ಕೂತಿದ್ದೇನೆ. ಹೊರಗಿನ ಬೆಂಚಿನ ಮೇಲೆ ಕೂತೇ ಇದನ್ನು ಬರೆದು ಮುಗಿಸುತ್ತಿದ್ದೇನೆ. ಬಾಗಿಲು ಮುಚ್ಚಿದೆ. ಅವಳ ರಕ್ತ ಏನು ಹೇಳುತ್ತದೋ ಹೇಳಲಿ; ಅವಳೇ ಮೊದಲು ಕೇಳಲಿ.